ಬಂದೂಕಿಲ್ಲದವನ ಸ್ಕೋಪ್ ಪರೀಕ್ಷೆ

ಬಂದೂಕನ್ನೇ ಮುಟ್ಟದವನು ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ ಸ್ಕೋಪ್ ಪರೀಕ್ಷಿಸುವ ಕೆಲಸಕ್ಕೆ ಸೇರಿದರೆ ಇಂಥವು ಆಗುತ್ತಲೇ ಇರುತ್ತವೆ. ಸುಬಾಂಗ್ ಜಯಾದ ನಮ್ಮ ಪುಟ್ಟ ಕಂಪನಿ ದುರ್ಬೀನು, ಸ್ಕೋಪುಗಳನ್ನು ತರಿಸಿ ಹೊರದೇಶಗಳಿಗೆ ಕಳಿಸುತ್ತದೆ. ಸ್ಕೋಪ್ ಇಟ್ಟುಕೊಳ್ಳಲು ನಮಗೆ ಅನುಮತಿ ಇದೆ, ಬಂದೂಕಿಗಿಲ್ಲ. ಮಲೇಷ್ಯಾದಲ್ಲಿ ಆ ಕಾನೂನು ಬಹಳ ಬಿಗಿ. ಹುಡುಗಿಯನ್ನು ನೋಡದೆ ಬೀಗರನ್ನಷ್ಟೇ ನೋಡಿ ಒಪ್ಪಿಗೆ ಕೊಡುವ ಹಾಗೆ ನನ್ನ ಕೆಲಸ.

ಈ ಸಲ ಬಂದದ್ದು ಮಧ್ಯಮ ದರ್ಜೆಯ, ಕೈಗೆಟಕುವ ಬೆಲೆಯ ರೈಫಲ್ ಸ್ಕೋಪ್. ಕೊಳ್ಳುವವನು ಯುರೋಪಿನ ವ್ಯಾಪಾರಿ, ಸ್ವತಃ ಬೇಟೆಗಾರ. ಮೂರು ವಾರದಲ್ಲಿ ತಾನೇ ಬಂದು ನೋಡುವವನಿದ್ದ. ನಮ್ಮ ಚೀನೀ ಬಾಸ್ ನನ್ನನ್ನು ಕರೆದು, "ಅವನು ಒಪ್ಪಿದರೆ ನಿನ್ನ ಟೆಸ್ಟ್ ರೂಮ್ ಉಳಿಯುತ್ತೆ. ಇಲ್ಲದಿದ್ದರೆ ಬೀಗ. ನೀನು ಕ್ಲಾಂಗ್ ಬಂದರಿನ ಗೋಡೌನಿಗೆ ಹೋಗು ಲಾ. ಅಲ್ಲಿ ಏಸಿ ಇಲ್ಲ" ಅಂದ. "ಲಾ" ಇಲ್ಲಿನವರ ಮಾತಿನ ಬಾಲ.

ಒದೆತ

ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಹೊಡೆತಕ್ಕೆ ಸ್ಕೋಪ್ ಕದಲಬಾರದು. ಒದೆಯಲು ಬಂದೂಕೇ ಇಲ್ಲ. ಸ್ಕೋಪನ್ನು ಹಲಗೆಗೆ ಬಿಗಿದು, ಹಲಗೆಯನ್ನು ನನ್ನ ಹಳೆಯ ಬೈಕಿನ ಹಿಂದೆ ಕಟ್ಟಿ, ಬಡಾವಣೆಯ ರಸ್ತೆಯ ಹಂಪುಗಳ ಮೇಲೆಲ್ಲ ಓಡಿಸಿದೆ. ಏಳನೆಯ ಸುತ್ತಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ.

"ಏನಿದು?"

"ರೈಫಲ್ ಸ್ಕೋಪ್." ಅನುಮತಿ ಪತ್ರ ತೋರಿಸಿದೆ.

"ರೈಫಲ್ ಎಲ್ಲಿ?"

"ಇಲ್ಲ."

"ಮತ್ತೆ ಇದನ್ನೇಕೆ ಸುತ್ತಿಸುತ್ತಿದ್ದೀಯ?"

"ರೈಫಲ್ ಇಲ್ಲವಲ್ಲ, ಅದಕ್ಕೇ."

ಆತ ಪತ್ರವನ್ನು ಎರಡು ಸಲ ಓದಿದ. ಬಗ್ಗಿ ಸ್ಕೋಪಿನೊಳಗೆ ಇಣುಕಿದ. ಅದು ರಸ್ತೆಯ ಕೊನೆಯಲ್ಲಿದ್ದ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಕಡೆ ತಿರುಗಿತ್ತು. "ಫ್ಯಾನ್ ಕೆಳಗಿನ ಟೇಬಲ್ ಖಾಲಿಯಾಯಿತು" ಎಂದವನೇ ತನ್ನ ಬೈಕ್ ಹತ್ತಿ ಆ ಕಡೆಗೆ ಹೊರಟುಹೋದ.

ಸ್ಪಷ್ಟತೆ

ದೂರದ ಸಣ್ಣ ವಸ್ತು ದಿನದ ಬೇರೆ ಬೇರೆ ಬೆಳಕಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಬರೆದಿಡಬೇಕು. ನಮ್ಮ ಮೂರನೆಯ ಮಹಡಿಯ ಕಿಟಕಿಯಿಂದ ಅಳತೆಗೆ ಸರಿಯಾಗಿ ಸಿಕ್ಕದ್ದು ಎದುರು ಬೀದಿಯ ಅನ್ನದಂಗಡಿಯ ತಟ್ಟೆಗಳ ಸಾಲು. ನಾನು ಶುದ್ಧ ಸಸ್ಯಾಹಾರಿ. ಆದರೂ ಕರ್ತವ್ಯ. "ಹನ್ನೊಂದು ಗಂಟೆ, ಮೋಡ: ಮೀನಿನ ಕಣ್ಣು ಸ್ಪಷ್ಟ. ಹನ್ನೆರಡು, ಬಿಸಿಲು: ಕೋಳಿಯ ಮೇಲಿನ ಎಣ್ಣೆ ಹೊಳೆಯುತ್ತಿದೆ, ಅಂಚಿನಲ್ಲಿ ತುಸು ಮಸುಕು."

ಎರಡೇ ದಿನದಲ್ಲಿ ಆಫೀಸಿಗೆಲ್ಲ ಸುದ್ದಿ ಹರಡಿತು. ಊಟದ ಹೊತ್ತಿಗೆ ಒಬ್ಬೊಬ್ಬರೇ ಬಾಗಿಲಲ್ಲಿ ತಲೆ ಹಾಕಿ, "ಸಾರ್, ಮೀನು ಸಾರು ಬಂತಾ? ತಪಾವ್ ಕಟ್ಟಿಸಿಕೊಂಡು ತರೋಣವಾ?" ಎನ್ನತೊಡಗಿದರು. ನೋಡಿ ಹೇಳುತ್ತಿದ್ದೆ.

ವಾರದ ಕೊನೆಗೆ ಬಾಸ್ ನನ್ನ ಟಿಪ್ಪಣಿ ಪುಸ್ತಕ ಹಿಡಿದು ಬಂದ. "ಪೂರ್ತಿ ಓದಿದೆ. ಬಹಳ ಹಸಿವಾಯಿತು. ಸ್ಕೋಪ್ ಹೇಗಿದೆ ಅಂತ ಯಾವ ಪುಟದಲ್ಲಿದೆ?"

ನೀರು

ಸ್ಕೋಪನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಬೇಕು. ಗುಳ್ಳೆ ಬಂದರೆ ಒಳಗೆ ಸೋರಿಕೆ ಇದೆ ಎಂದರ್ಥ. ಆಫೀಸಿನಲ್ಲಿ ನಲ್ಲಿ ಕೆಟ್ಟಿದ್ದರಿಂದ ಮನೆಗೆ ತಂದು ಬಚ್ಚಲಲ್ಲಿ ಕೈಗೆ ಸಿಕ್ಕ ನೀರಿನ ಬಕೆಟ್ಟಿನಲ್ಲಿ ಹಾಕಿ, ಮಗಳನ್ನು ಕಾವಲಿಗೆ ಕೂರಿಸಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲೇ ಉತ್ತರಿಸುವವಳು.

"ಗುಳ್ಳೆ ಬಂತೇನೇ?"

"ಯೆಸ್ ಅಪ್ಪಾ! ಲಾಟ್ಸ್!"

ಏಸಿಯಿಲ್ಲದ ಗೋಡೌನ್ ಕಣ್ಣ ಮುಂದೆ ಬಂತು. ಓಡಿ ಹೋಗಿ ನೋಡಿದರೆ ಬಕೆಟ್ ತುಂಬ ನೊರೆ. ಹೆಂಡತಿ ಹಿಂದೆಯೇ ಬಂದಳು.

"ಬಟ್ಟೆ ನೆನೆಹಾಕಿದ ಬಕೆಟ್ಟೇ ಬೇಕಿತ್ತಾ ನಿಮಗೆ? ಕೆಳಗೆ ನಿಮ್ಮ ಎರಡು ಷರಟೂ ಇವೆ. ಅವನ್ನೂ ಪಾಸ್ ಮಾಡಿಬಿಡಿ."

ಬಣ್ಣ

ಬೇಟೆಗಾರ ಬಂದ ದಿನವೇ ಆಯುಧಪೂಜೆ. ನಮ್ಮ ಸ್ಟೋರ್ ನೋಡಿಕೊಳ್ಳುವ ತಮಿಳು ಅಣ್ಣ ಬೆಳಿಗ್ಗೆಯೇ ಬಂದು ಸ್ಟೇಪ್ಲರಿನಿಂದ ಹಿಡಿದು ಲಿಫ್ಟಿನವರೆಗೆ ಎಲ್ಲಕ್ಕೂ ಬೊಟ್ಟಿಟ್ಟಿದ್ದ. ಅದು ನನಗೆ ಗೊತ್ತಾಗುವ ಮೊದಲೇ ಬೇಟೆಗಾರ ಕಿಟಕಿಯ ಬಳಿ ನಿಂತು ಸ್ಕೋಪಿಗೆ ಕಣ್ಣಿಟ್ಟಾಗಿತ್ತು.

ಬಾಸ್ ನನ್ನ ತೋಳು ಹಿಡಿದುಕೊಂಡ.

"ಅದ್ಭುತ!" ಅಂದ ಬೇಟೆಗಾರ. "ಎಂಥ ಬೆಚ್ಚನೆಯ ಬಣ್ಣ! ನಡುಮಧ್ಯಾಹ್ನ ಸೂರ್ಯಾಸ್ತದ ಹಾಗಿದೆ. ಈ ಬೆಲೆಯ ಗಾಜಿಗೆ ಇಂಥ ಕೋಟಿಂಗ್ ನಾನು ಕಂಡಿಲ್ಲ. ಯಾವುದಿದು?"

ನಾನೂ ಇಣುಕಿದೆ. ಸುಬಾಂಗ್ ಜಯಾ ಪೂರ್ತಿ ಕೇಸರಿಯಾಗಿತ್ತು. ಅಣ್ಣನ ಕಡೆ ನೋಡಿದೆ. "ಎಣ್ಣೆಯಲ್ಲಿ ಕಲಸಿದ ಕುಂಕುಮ ಸಾರ್. ಕಣ್ಣಿನಿಂದ ಕೆಲಸ ಮಾಡೋ ಸಾಮಾನಲ್ವಾ, ಕಣ್ಣಿಗೇ ಇಟ್ಟೆ. ಆಮೇಲೆ ನೀವು ಬೈತೀರಂತ ಚೆನ್ನಾಗಿ ಒರೆಸಿಬಿಟ್ಟೆ" ಅಂದ. ಒರೆಸಿರಲಿಲ್ಲ, ಗಾಜಿನ ತುಂಬ ತೆಳ್ಳಗೆ ಸವರಿದ್ದ.

ಸುಮ್ಮನಿರು ಎನ್ನುವಂತೆ ಬಾಸ್ ನನ್ನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಂಡಿದ. ಆದರೂ ಪರೀಕ್ಷೆಯ ವರದಿಯಲ್ಲಿ ನನ್ನ ಸಹಿ ಇತ್ತು.

"ಕೋಟಿಂಗ್ ಅಲ್ಲ, ಪೂಜೆ" ಎಂದು ಹೇಳಿ, ಬಟ್ಟೆ ತೆಗೆದು ಗಾಜನ್ನು ಒರೆಸಿಕೊಟ್ಟೆ.

ಬೇಟೆಗಾರ ಮತ್ತೆ ಕಣ್ಣಿಟ್ಟ. ಈ ಸಲ ಬಹಳ ಹೊತ್ತು ನೋಡಿದ. "ಈಗ ಸಾಧಾರಣವಾಗಿದೆ" ಅಂದ. ಬಾಸ್ ನನ್ನ ತೋಳು ಬಿಟ್ಟ. "ನಾನು ಕೊಡುತ್ತಿರುವ ಬೆಲೆಯೂ ಸಾಧಾರಣವೇ. ಸರಿ, ಕಳಿಸಿ" ಎಂದು ನಕ್ಕು, ಸಹಿ ಹಾಕಿ ಹೋದ.

ಟೆಸ್ಟ್ ರೂಮ್ ಉಳಿಯಿತು. ಬಾಸ್ ಬೆನ್ನು ತಟ್ಟುತ್ತಾನೆ ಎಂದುಕೊಂಡೆ. ಅವನು ಬಾಗಿಲು ಹಾಕಿಕೊಂಡು ಬಂದು, ಅಣ್ಣನ ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನೇ ನೋಡುತ್ತ, ಮೆಲ್ಲಗೆ ಕೇಳಿದ:

"ಒಂದು ಡಬ್ಬಿ ಕುಂಕುಮಕ್ಕೆ ಎಷ್ಟು ಸ್ಕೋಪ್ ಆಗುತ್ತೆ ಲಾ?"