ಶುಕ್ರವಾರದ ಶುದ್ಧ ಹವಾ

ನನ್ನಂಥ ಹಗಲುಗನಸಿನವನನ್ನು ಯಾವ ಕೆಲಸಕ್ಕೆ ಹಚ್ಚಿದರೂ ಏನಾದರೊಂದು ಆಗಿಯೇ ತೀರುತ್ತದೆ.

ಅರವತ್ತರ ದಶಕದಲ್ಲಿ ಧಾರವಾಡದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ನಾನು ಹಂಗಾಮಿ ಸಹಾಯಕ. ದೂರದ ಸಮುದ್ರದಂಡೆಯಲ್ಲಿ ಅಣುವಿದ್ಯುತ್ ಸ್ಥಾವರ ಏಳುವುದಿತ್ತು. ಅದಕ್ಕೆ ಮೊದಲೇ ಊರೂರಿನ ಹವಾ, ಹಾಲುಗಳಲ್ಲಿ ವಿಕಿರಣ ಎಷ್ಟಿದೆಯೆಂದು ಅಳೆದಿಟ್ಟರೆ, ಮುಂದೆ ಹೆಚ್ಚಾದಾಗ ತಿಳಿಯುತ್ತದೆ. ಈ ಕೆಲಸಕ್ಕೆ ಪರದೇಶದವರು ಒಂದು ಯಂತ್ರವನ್ನೂ ನನ್ನ ಪಗಾರವನ್ನೂ ಕೊಡುತ್ತಿದ್ದರು. ವಿಕಿರಣ ತಾಗಿದಾಗೊಮ್ಮೆ ಯಂತ್ರ ಟಿಕ್ ಅನ್ನುತ್ತಿತ್ತು. ಮಧ್ಯಾಹ್ನ ಅದನ್ನು ಕೇಳುತ್ತ ಕುಳಿತರೆ, ಮಳೆ ನಿಂತ ಮೇಲೆ ಹಂಚಿನಿಂದ ಹನಿ ಬಿದ್ದಂತೆ. ಯಾವುದೋ ನಕ್ಷತ್ರದಿಂದ ಹೊರಟದ್ದು ನಮ್ಮ ಮೇಜಿಗೆ ಬಂದು ಬಾಗಿಲು ಬಡಿಯುತ್ತಿದೆ ಅಂದುಕೊಳ್ಳುತ್ತ ನಾನು ತೂಕಡಿಸುತ್ತಿದ್ದೆ.

ಹಾಲು

ಒಂದು ಮುಂಜಾನೆ ನಮ್ಮ ಓಣಿಯ ಗೌಳಿಯ ಹತ್ತಿರ ಬಾಟಲಿ ಹಿಡಿದು ಹೋದೆ.

"ಯಾತಕ್ರಿ?" ಎಂದ.

"ಯಂತ್ರದಾಗ ಇಟ್ಟು ನೋಡ್ತೇವಿ. ಹಾಲಿನಾಗ ಏನೇನೈತಿ ಅಂತ ಪರದೇಶಕ್ಕ ಬರದು ಕಳಸ್ತೇವಿ."

ಅವನ ಮುಖ ಸಣ್ಣದಾಯಿತು. "ಇವತ್ತ ಬ್ಯಾಡ್ರಿ. ನಾಳಿ ಒಯ್ಯರಿ."

ಮರುದಿನದಿಂದ ಇಡೀ ಓಣಿಗೆ ನೀರು ಕಾಣದ ಹಾಲು ಬರತೊಡಗಿತು. ಸ್ಥಾವರ ಏಳುವ ಮೊದಲೇ ನಮ್ಮ ಮೊಸರು ಗಟ್ಟಿಯಾಯಿತು.

ಬಿಲ್ಲೆ

ಯಂತ್ರ ನೆಟ್ಟಗಿದೆಯೇ ಎಂದು ದಿನಾ ಪರೀಕ್ಷಿಸಲು, ತುಸುವೇ ವಿಕಿರಣ ಸೂಸುವ ಒಂದು ಬಿಲ್ಲೆ ಬೇಕಾಗಿತ್ತು. ನಮ್ಮ ಪ್ರೊಫೆಸರರು ವರ್ಷವಿಡೀ ಅರ್ಜಿ ಬರೆದರು. ಕಡೆಗೆ ಪರದೇಶದಿಂದ ಉತ್ತರ ಬಂತು: ಸುರಕ್ಷತೆಯ ದೃಷ್ಟಿಯಿಂದ ಅಂಥ ವಸ್ತುವನ್ನು ಸದ್ಯ ಕಳಿಸಲಾಗದು.

ಪ್ರೊಫೆಸರರು ಕಾಗದ ಮಡಚಿದರು. "ಕೀಲಿ ಕಳಿಸ್ಯಾರ. ಕೀಲಿಕೈ ಯಾರರೆ ಕದ್ದಾರು ಅಂತ ಅಲ್ಲೇ ಇಟ್ಕೊಂಡಾರ."

ಶುಕ್ರವಾರ

ಆಮೇಲೆ ಶುರುವಾಯಿತು ಫಜೀತಿ. ವಾರವೆಲ್ಲ ಯಂತ್ರ ಜೋರಾಗಿ ಟಿಕ್ ಟಿಕ್ ಅನ್ನುತ್ತಿತ್ತು. ಶುಕ್ರವಾರ ಮಾತ್ರ ಸುಮ್ಮನಾಗುತ್ತಿತ್ತು. ಅಂದರೆ ಶುಕ್ರವಾರ ಮಾತ್ರ ಧಾರವಾಡದ ಹವಾ ಶುದ್ಧ. ಜವಾನನಿಗೆ ಆಶ್ಚರ್ಯವೇ ಇಲ್ಲ: "ದೇವಿ ವಾರ ಅಲ್ಲೇನ್ರಿ?"

ಪರದೇಶದವರಿಗೆ ದೇವಿಯ ಪರಿಚಯವಿರಲಿಲ್ಲ. ತಜ್ಞನೊಬ್ಬನನ್ನು ಕಳಿಸಿದರು. ಕಾರಣ ಸಿಗದಿದ್ದರೆ ಯಂತ್ರ ಬೇರೆ ಊರಿಗೆ. ಯಂತ್ರ ಹೋದರೆ ನನ್ನ ನೌಕರಿಯೂ ಹೋಗುತ್ತಿತ್ತು. ಆ ನೌಕರಿ ನೋಡಿಯೇ ಹುಬ್ಬಳ್ಳಿಯವರೊಬ್ಬರು ನನಗೆ ಮಗಳನ್ನು ಕೊಡಲು ಒಪ್ಪಿದ್ದರು. ಖರೇ ಹೇಳುತ್ತೇನೆ, ಹೆದರಿದ್ದೆ.

ತಜ್ಞ ಬಂದದ್ದು ಗುರುವಾರ. ಸಂಜೆಯವರೆಗೆ ಕಿಟಕಿ, ಗೋಡೆ, ವಯರು ಎಲ್ಲ ತಡವಿದ. ಏನೂ ಸಿಗಲಿಲ್ಲ. ನನಗೆ ಗುರುವಾರದ ಭಜನೆಗೆ ಹೊತ್ತಾಗಿತ್ತು. ಮಂಡಳಿಯ ಗ್ಯಾಸ್‌ಬತ್ತಿಯ ಜವಾಬ್ದಾರಿ ನನ್ನದು. ಅದರೊಳಗೆ ಉರಿಯುವ ಬಲೆಯಂಥ ಮ್ಯಾಂಟಲ್‌ಗಳಿಗೆ ಥಂಡಿ ತಾಗಬಾರದೆಂದು ಆ ಮಳೆಗಾಲದಿಂದ ಡಬ್ಬಿಯನ್ನು ಯಂತ್ರದ ಮೇಜಿನ ಡ್ರಾವರಿನಲ್ಲೇ ಇಡುತ್ತಿದ್ದೆ. ಗುರುವಾರ ಒಯ್ದದ್ದನ್ನು ಶನಿವಾರ ತರುವುದು ರೂಢಿ. ಸದ್ದಿಲ್ಲದೆ ಡಬ್ಬಿ ತೆಗೆದೆ.

ಯಂತ್ರವೂ ಸದ್ದು ಇಳಿಸಿತು.

ತಜ್ಞ ನನ್ನ ಕೈ ಹಿಡಿದ. ಒಳಗೆ ಇಡಿಸಿದ: ಟಿಕ್ ಟಿಕ್ ಟಿಕ್. ಹೊರಗೆ ತೆಗೆಸಿದ: ಟಿಕ್. ಐದು ಸಲ ಹೀಗೆ ಮಾಡಿಸಿ, ಕುರ್ಚಿಯಲ್ಲಿ ಕುಳಿತು ಕಣ್ಣೀರು ಬರುವಷ್ಟು ನಕ್ಕ. ಮ್ಯಾಂಟಲ್ ಚೆನ್ನಾಗಿ ಬೆಳಗಲೆಂದು ಅದಕ್ಕೆ ಥೋರಿಯಂ ಸೇರಿಸುತ್ತಾರಂತೆ. ಅದು ತುಸುವೇ ವಿಕಿರಣ ಸೂಸುತ್ತದಂತೆ.

ಪ್ರೊಫೆಸರರು ನನ್ನನ್ನೇ ನೋಡಿದರು. "ಒಂದ ವರ್ಷ ಜಗತ್ತಿಗೆಲ್ಲಾ ಅರ್ಜಿ ಹಾಕಿದೆ. ನಿನ್ನ ಡ್ರಾವರಿನಾಗ ಇತ್ತಲ್ಲೋ ತಮ್ಮಾ."

ತಜ್ಞ ವರದಿಯಲ್ಲಿ ಬರೆದ: ಈ ಪ್ರಯೋಗಶಾಲೆ ಪರೀಕ್ಷಾವಸ್ತುವನ್ನು ಸ್ಥಳೀಯವಾಗಿಯೇ ಹೊಂದಿಸಿಕೊಂಡಿದೆ, ಯಂತ್ರ ಇಲ್ಲಿಯೇ ಇರಲಿ. ನನ್ನ ಲಗ್ನ ಉಳಿಯಿತು. ಪ್ರೊಫೆಸರರು ಎರಡು ಮ್ಯಾಂಟಲ್ ಇಟ್ಟುಕೊಂಡರು. ತಮ್ಮಲ್ಲೂ ಬಿಲ್ಲೆಯ ಕಾಗದಪತ್ರ ಇನ್ನೂ ಮುಗಿದಿಲ್ಲವೆಂದು, ಉಳಿದ ಡಬ್ಬಿಯನ್ನು ತಜ್ಞ ಕೇಳಿ ಪಡೆದ.

ಬರಿಗೈಯಲ್ಲಿ ಭಜನೆಗೆ ಹೋದೆ. ಮಂಡಳಿಯ ಹಿರಿಯರು ಕತ್ತಲಲ್ಲಿ ತಾಳ ಹಿಡಿದು ಕುಳಿತಿದ್ದರು.

"ಮ್ಯಾಂಟಲ್ ಎಲ್ಲೋ?"

"ಪರದೇಶದವರಿಗೆ ನೆರವು ಕೊಟ್ಟೇವ್ರಿ ಕಾಕಾ. ಇವತ್ತ ಕಂದೀಲಿನಾಗ ಹಾಡೂಣು."