ಹೂವು ಬೀಳುವ ಮೊದಲು

ದೇವರು ನನಗೆ ದೊಡ್ಡ ಸಂಪತ್ತೇನೂ ಕೊಡಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುವ ಗಂಡನನ್ನು ಕೊಟ್ಟ. ಇದು ಸಣ್ಣ ಕೃಪೆಯಲ್ಲ ಎಂದು ಮುದ್ದೆ ತಿರುವಿ ಕಾದು ಕೂತವರಿಗೆ ಗೊತ್ತು. ಅಂಥ ಯಜಮಾನರೇ ಈಚೆಗೆ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡತೊಡಗಿದರು. ಕಾರಣ ಕ್ವಾಂಟಮ್ಮು.

ನಮ್ಮ ಯಜಮಾನರು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಎಂ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಾರೆ. ಅದರಲ್ಲೊಂದು ಪಾಠ ಈ ಕ್ವಾಂಟಮ್ಮು. ಲೆಕ್ಕ ಮಾಡಿಸುವವರೆಗೂ ಎಲ್ಲ ಸಲೀಸು. ಲೆಕ್ಕದ ಅರ್ಥವೇನು ಅಂದಾಗಲೇ ತೊಡಕು. ಅಳೆಯುವ ಮುಂಚೆ ಎಲೆಕ್ಟ್ರಾನು ಹೀಗೇ ಇತ್ತು ಅನ್ನುವ ಹಾಗಿಲ್ಲವಂತೆ. ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ ಅನ್ನುವ ಪಂಡಿತರೂ ಇದ್ದಾರಂತೆ. ಇಷ್ಟು ಹೇಳುವಷ್ಟರಲ್ಲಿ ಹಂಗಳದ ಹುಡುಗಿಯೊಬ್ಬಳು ಎದ್ದು, "ಯಾವ್ದು ಸರಿ ಅಂತ ಯೋಳ್ಬುಡಿ ಸಾ, ಅದ್ನೇ ಬರ್ಕತೀವಿ" ಅಂದಳಂತೆ. ಕ್ಲಾಸೆಲ್ಲ ತಲೆಯಾಡಿಸಿತಂತೆ. ಇನ್ನೊಂದು ದಿನ ನೋಡಿ, ಆಗದಿದ್ದರೆ ಅರ್ಥದ ಪಾಠ ಕೈಬಿಟ್ಟು ಬರೀ ಲೆಕ್ಕ ಮಾಡಿಸುತ್ತೇನೆ ಅಂತ ಇವರು ನನ್ನ ಮುಂದೆ ಅಂದುಬಿಟ್ಟರು. ಆ ಪಾಠದ ಆಸೆಗೇ ಮೇಷ್ಟ್ರಾದವರು ಅವರು.

ಮುಚ್ಚಳ ತೆಗೆದು ನೋಡುವವರೆಗೆ ಬದುಕಿದೆ ಅಂತಲೂ ಸತ್ತಿದೆ ಅಂತಲೂ ಹೇಳಲಾಗದ, ಪೆಟ್ಟಿಗೆಯೊಳಗಿನ ಬೆಕ್ಕಿನ ಕತೆಯನ್ನೂ ಹೇಳಿ ನೋಡಿದ್ದರು. ಬೆಕ್ಕಿಗೆ ವಿಷ ಇಡುವ ಪಾಠ ಯಾರ ತಲೆಗೆ ಹತ್ತೀತು, ಶಿವಶಿವಾ. ಹೂಪ್ರಸಾದ ಕೇಳೋದನ್ನ ಹೇಳ್ರೀ ಅಂದೆ. ಹೆಣ್ಣು ನೋಡುವ ಮೊದಲು, ಬೋರ್‌ವೆಲ್ ಕೊರೆಸುವ ಮೊದಲು ದೇವರ ಮೇಲೆ ಒದ್ದೆ ಹೂವು ಅಂಟಿಸಿ ಕಾಯುತ್ತೇವಲ್ಲ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ.

"ಹೂವು ಎಲೆಕ್ಟ್ರಾನಲ್ಲ ಕಣೇ."

"ಬೆಕ್ಕೂ ಅಲ್ವಲ್ಲ."

ಮಾರನೆಯ ದಿನ ಕ್ಲಾಸಿನಲ್ಲಿ ಕೇಳಿಯೇಬಿಟ್ಟರಂತೆ, ಹೂವು ಬೀಳುವ ಮೊದಲೇ ಉತ್ತರ ಇತ್ತೇ ಅಂತ. ದೇವರು ಮೊದಲೇ ತೀರ್ಮಾನ ಮಾಡಿರುತ್ತಾನೆ ಅಂತ ಒಂದು ಗುಂಪು. ಬಿದ್ದ ಗಳಿಗೆಯಲ್ಲೇ ಉತ್ತರ ಹುಟ್ಟುವುದು ಅಂತ ಇನ್ನೊಂದು. ಬೋರ್ ಕೊರೆಸೋ ಕೆಲಸ ನೋಡಿ, ಅದೆಲ್ಲ ಯಾಕೆ ಅಂದನಂತೆ ಮೂರನೆಯವನು. ಪಂಡಿತರು ಜಗಳಾಡೋದೂ ಹೀಗೇ ಅಂತ ಇವರು ಹಿಗ್ಗಿದರು. ಆದರೆ ಹೂವು ಬೀಳುವುದಕ್ಕೆ ಗಾಳಿ, ತೇವ ಅಂತ ಕಾರಣ ಹುಡುಕಬಹುದು, ಎಲೆಕ್ಟ್ರಾನಿಗೆ ಅಂಥದ್ದೂ ಉಂಟೋ ಇಲ್ಲವೋ, ಅದೇ ತಕರಾರು ಅಂತ ತಿದ್ದಿದರಂತೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹಂಗಳದ ಹುಡುಗಿ ಬಸ್ ಸ್ಟ್ಯಾಂಡಿನವರೆಗೂ ವಾದಿಸುತ್ತಾ ಬಂದು, "ನಾಳಿಕ್ಕೂ ಇದ್ನೇ ಮಾಡಿ ಸಾ" ಅಂದಳಂತೆ.

ಆವತ್ತು ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. ಉಣ್ಣುತ್ತಾ, "ನೀನೇನಂತೀಯ? ಉತ್ತರ ಮೊದಲೇ ಇರುತ್ತಾ?" ಅಂದರು.

"ಇರುತ್ತೆ" ಅಂದೆ, ಒಂದು ಚೂರೂ ಅನುಮಾನವಿಲ್ಲದೆ.

ಇಷ್ಟು ಧೈರ್ಯವಾಗಿ ಯಾವ ಪಂಡಿತನೂ ಹೇಳಿಲ್ಲ ಅಂತ ಅವರು ಬೆರಗಾದರು. ನಾನು ಸಾರು ಬಡಿಸಿದೆ. ಬೆಳಿಗ್ಗೆ ಅವರ ಕ್ಲಾಸಿಗೋಸ್ಕರ ನಾನೂ ಹೂವು ಕೇಳಿದ್ದೆ, ಬಲಕ್ಕೇ ಬಿದ್ದಿತ್ತು. ನಾನು ಯಾವಾಗಲೂ ಒಂಚೂರು ಬಲಕ್ಕೆ ವಾಲಿಸಿಯೇ ಅಂಟಿಸುವುದು. ಇಷ್ಟು ಸಣ್ಣ ವಿಷಯಕ್ಕೆಲ್ಲ ಶಿವನಿಗೆ ಯೋಚಿಸುವ ಕಷ್ಟ ಯಾಕೆ ಕೊಡಬೇಕು?