ಹಣ್ಣುಹುಳದ ಮುಂದೆ ಒಂದು ಸೀನು

“ನಿಂತ ವಸ್ತು ತಾನಾಗಿ ಕದಲುವುದಿಲ್ಲ. ಅದರ ಮೇಲೆ ಹೊರಗಿನಿಂದ ಬಲ ಬೀಳಬೇಕು. ಆ ಬಲ ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿದರೂ ಸಾಕು, ವಸ್ತುವಿನ ಚಲನೆ ಬದಲಾಗುತ್ತದೆ. ಬಲವನ್ನೂ ಅದು ತಾಗಿದ ಕಾಲವನ್ನೂ ಗುಣಿಸಿದರೆ ಬರುವುದೇ ಆವೇಗ. ಇದಕ್ಕೆ ಒಂದು ಉದಾಹರಣೆ ಕೊಡಿ.”

ಎಸ್ಸೆಸ್ಸೆಲ್ಸಿಗೆ ಮತ್ತೊಮ್ಮೆ ಕಟ್ಟಿದ್ದ ಸೊಸೆ ಶಿವಲಿಂಗಮ್ಮ ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ನಾನೋ ಕಿವಿಯಲ್ಲೇ ಓದಿದವಳು!

“ಆವೇಗ ಅಂದ್ರೇನವ್ವ?”

“ತಟಕ್ಕನೆ ತಳ್ಳೋದು, ಅತ್ತೆ. ಮನಸ್ಸಿಗೆ ತಟಕ್ಕನೆ ಹುಕಿ ಬತ್ತದಲ್ಲ, ಹಂಗೇ.”

“ನನ್ನ ಮೈಯಾಗೆ ಅದು ಇಲ್ವೇ ಇಲ್ಲ ಬುಡು!”

ನಮ್ಮ ಕೋಡಿಹಳ್ಳಿಯಲ್ಲಿ ಆಗ ರೇಷ್ಮೆ ಬಿಟ್ಟರೆ ಬೇರೆ ಮಾತಿಲ್ಲ. ಮಲಗುವ ಕೋಣೆಯಲ್ಲಿ ಹುಳ, ನಾವೆಲ್ಲ ಬಾಗಿಲಾಚೆ! ಹೊಗೆಸೊಪ್ಪು ಹುಳಕ್ಕೆ ವಿಷ. ಅದಕ್ಕೇ ಗೂಡು ಕಟ್ಟುವ ತನಕ ನಸ್ಯ ಮುಟ್ಟುವುದಿಲ್ಲವೆಂದು ಊರೆದುರು ಶಪಥ ಮಾಡಿದ್ದೆ. ರಾಜ್ಯ ಬಿಟ್ಟ ರಾಜರೂ ನನ್ನಷ್ಟು ಬೀಗಿರಲಿಕ್ಕಿಲ್ಲ!

ಹುಳ ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದವು. ನಮ್ಮ ಯಜಮಾನರು ಚೆಲುವಯ್ಯ ಅವನ್ನು ಆರಿಸಿ, ಗೂಡು ಕಟ್ಟಲೆಂದು ತಟ್ಟಿಯಂಥ ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟು, ಚಂದ್ರಿಕೆಗಳನ್ನು ಚಪ್ಪರದಡಿ ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿದರು.

“ಒಸಿ ನೋಡ್ಕೊ ಕಣಮ್ಮಿ. ಇಡೀ ಬೆಳೆ ಇಲ್ಲೇ ನಿಂತೈತೆ.”

ಕಾವಲು ಕೂತೆ. ಎಲೆಅಡಿಕೆ ಚೀಲದ ತಳದಲ್ಲಿ ನಸ್ಯದ ಡಬ್ಬಿ ಬೆರಳಿಗೆ ತಾಗಿತು. ಬಂತು ನೋಡಿ ಹುಕಿ! ಹಿತ್ತಲಿಗೆ ಓಡಿ, ಒಂದೇ ಚಿಟಿಕೆ ಏರಿಸಿ, ಕೈ ತೊಳೆದು, ಏನೂ ಅರಿಯದವಳಂತೆ ಬಂದು ಕೂತೆ. ಅಷ್ಟು ದಿನ ಉಪವಾಸವಿದ್ದ ಮೂಗು ಸುಮ್ಮನಿದ್ದೀತೇ?

“ಆ... ಆ... ಆಕ್ಷೀ!”

ನನ್ನ ತಲೆ ಮೊದಲ ಚಂದ್ರಿಕೆಗೆ, ಅದು ಪಕ್ಕದ್ದಕ್ಕೆ, ಪಕ್ಕದ್ದು ಅದರಾಚೆಯದಕ್ಕೆ! ಸಾಲಿಗೆ ಸಾಲೇ ಮಲಗಿತು! ಕೊನೆಯದರ ಹುಳವೆಲ್ಲ ಸಾಲಿನ ಆ ತುದಿಗೆ ಆಗಷ್ಟೇ ಬಂದಿದ್ದ ಯಜಮಾನರ ರುಮಾಲಿನ ಮೇಲೆ!

“ಯಾರ್ಲಾ ತಳ್ಳಿದ್ದು?”

“ಸೀನು ಬಂತು ಕಣ್ರೀ...” ಎನ್ನುವಷ್ಟರಲ್ಲಿ ನನ್ನ ಸೊಂಟದಿಂದ ಡಬ್ಬಿ ಜಾರಿ ಅವರ ಕಾಲ ಬಳಿ ಉರುಳಿತು.

“ಸೀನು ನಸ್ಯದ ಡಬ್ಬಿಯೊಳಗಿಂದ ಬಂತಾ? ಆ ಕೈಲಿ ಹುಳ ಮುಟ್ಬೇಡ, ಆಚೆ ಕೂತ್ಕೊ!”

ಪುಣ್ಯಕ್ಕೆ ಕೆಳಗೆ ಹಿಪ್ಪುನೇರಳೆ ಸೊಪ್ಪಿನ ಮೆತ್ತೆಯಿತ್ತು, ಹುಳ ಬದುಕಿದವು. ಮಾವ ಸೊಸೆ ಒಂದೊಂದಾಗಿ ಆರಿಸಿ ಮತ್ತೆ ಚಂದ್ರಿಕೆಗೆ ಬಿಟ್ಟರು. ನಾನು ಜಗಲಿಯಲ್ಲಿ ಕೈದಿಯಂತೆ ಕೂತಿದ್ದೆ. ಕೆಲಸ ಮುಗಿಸಿ ಬಂದ ಶಿವಲಿಂಗಮ್ಮ ಚೀರಿದಳು.

“ಅತ್ತೆ, ಅಲುಗಾಡಬ್ಯಾಡಿ! ನಿಮ್ ತುರುಬಲ್ಲಿ ಒಂದು ಹುಳ ಗೂಡು ಕಟ್ತಾ ಐತೆ!”

“ಕಿತ್ತಾಕವ್ವ!”

“ಕಟ್ಟೋ ಹುಳನ ಕೀಳ್ತಾರಾ? ನೂಲು ಹಾಳಾಯ್ತದೆ,” ಎಂದರು ಯಜಮಾನರು. “ಕಟ್ಟಿ ಮುಗಿಸೋಗಂಟ ಹಂಗೇ ಕೂತಿರು. ಸೀನಿಗೀನೀಯೆ, ಹುಷಾರು!”

ಉದಾಹರಣೆ ಸಿಕ್ಕಿತೆಂದು ಶಿವಲಿಂಗಮ್ಮ ಪುಸ್ತಕಕ್ಕೆ ಓಡಿದಳು. ನಾನು ಕತ್ತು ನೆಟ್ಟಗಿಟ್ಟು, ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದರಲ್ಲಿ ರಾತ್ರಿಯ ಸಾರಿಗೆ ಅವರೆಕಾಯಿ ಸುಲಿಯತೊಡಗಿದೆ.